ಕೊಟ್ಟಿಗೆಯ ಅಟ್ಟದಲ್ಲಿ ಹಿತ್ತಾಳೆ ಬಳೆ ಸೀಳಿದ್ದು ಯಾಕೆ?

ಪ್ರಶ್ನೆ: ಸರ್, ನಾನು ಶ್ರೀರಂಗಪಟ್ಟಣ ತಾಲ್ಲೂಕಿನ ರೈತ. ಕಬ್ಬು, ಭತ್ತ, ನಾಲ್ಕು ಹಸು ಇವೆ. ಎರಡು ವರ್ಷದಿಂದ ಬಿದಿರು ಸೀಳಿ, ಆರು ಪಟ್ಟಿ ಅಂಟಿಸಿ, ಮೀನಿನ ಗಾಳದ ಕೋಲು ಮಾಡುವ ಹುಚ್ಚು ಹಿಡಿದಿದೆ. ದಾರ ಸುತ್ತುವ ರೀಲ್ ಕೂರಿಸುವ ಸೀಟನ್ನೂ ನಾನೇ ಮಾಡುತ್ತೇನೆ. ಬುಡದಲ್ಲಿ ಒಂದು ಮರದ ತುಂಡು, ಅದರ ತುದಿಗೆ ಹಿತ್ತಾಳೆ ಟೋಪಿ, ಮೇಲೆ ಜಾರುವ ಹಿತ್ತಾಳೆ ಬಳೆ. ಪೈಪು ಕತ್ತರಿಸಿ, ಕಬ್ಬಿಣದ ಅಚ್ಚಿಗೆ ಹಾಕಿ, ರೀಲಿನ ಪಾದ ನುಗ್ಗುವಷ್ಟು ಒಂದು ಕಡೆ ಬಡಿದು ಉಬ್ಬಿಸುತ್ತೇನೆ. ಕಳೆದ ಬೇಸಿಗೆಯಲ್ಲಿ ಐದು ಕೋಲು ಮಾಡಿದೆ. ಒಂದನ್ನು ಬೆಂಗಳೂರಿನವರೊಬ್ಬರು ಕೊಂಡರು. ಒಂದು ಮನೆಯೊಳಗಿತ್ತು. ಮೂರನ್ನು ಕೊಟ್ಟಿಗೆಯ ಅಟ್ಟದಲ್ಲಿಟ್ಟಿದ್ದೆ. ಮಳೆಗಾಲ ಮುಗಿದ ಮೇಲೆ ಇಳಿಸಿ ನೋಡಿದರೆ ಮೂರರಲ್ಲೂ ಬಳೆ ಉದ್ದಕ್ಕೆ ಸೀಳಿದೆ. ಯಾರೂ ಮುಟ್ಟಿಲ್ಲ, ಬಿದ್ದಿಲ್ಲ, ಒಮ್ಮೆಯೂ ನೀರಿಗೆ ಇಳಿಸಿಲ್ಲ. ಒಬ್ಬರು ಪೈಪು ನಕಲಿ ಅಂದರು. ಲೇತ್‌ನವರು ದಪ್ಪ ಸಾಲದು ಅಂದರು. ಮತ್ತೊಬ್ಬರು ಹಿತ್ತಾಳೆ ಬಿಟ್ಟು ಜರ್ಮನ್ ಸಿಲ್ವರ್ ಹಾಕಿ, ಇಲ್ಲವೇ ನಿಕಲ್ ಪ್ಲೇಟಿಂಗ್ ಮಾಡಿಸಿ ಅಂದರು. ಸೀಳಿಗೆ ಬೆಸುಗೆ ಹಾಕಬಹುದೇ? ಮುಂದೆ ತಿರುಪಿನ ನಟ್ ಇರುವ ಸೀಟು ಮಾಡಬೇಕೆಂದಿದ್ದೇನೆ, ಪೈಪು ಎಷ್ಟು ದಪ್ಪ ಬೇಕು? ಬೆಂಗಳೂರಿನವರಿಗೆ ಏನು ಹೇಳಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಇಷ್ಟು ವಿವರವಾಗಿ ಬರೆದದ್ದು ಒಳ್ಳೆಯದಾಯಿತು. ಯಾಕೆಂದರೆ ನಿಮ್ಮ ಪ್ರಶ್ನೆಗೆ ಉತ್ತರ ನೀವೇ ಬರೆದ ಒಂದು ಮಾತಿನಲ್ಲಿದೆ. ಮೂರು ಕೋಲು ಕೊಟ್ಟಿಗೆಯ ಅಟ್ಟದಲ್ಲಿದ್ದವು, ಆ ಮೂರೇ ಸೀಳಿದವು. ಅದೇ ಪೈಪು, ಅದೇ ಕೈ, ಅದೇ ಸುತ್ತಿಗೆಯಿಂದ ಮಾಡಿದ ನಾಲ್ಕನೆಯದು ಮನೆಯೊಳಗೆ ಚೆನ್ನಾಗಿದೆ. ಪೈಪು ನಕಲಿಯಾಗಿದ್ದರೆ ಅದೂ ಸೀಳಬೇಕಿತ್ತು ಅಲ್ವಾ?

ನಾನು ಮೈಸೂರಿನ ಮೇಟಗಳ್ಳಿ ಕಡೆಯ ಟೂಲ್ ರೂಮ್‌ಗಳಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವನು. ಇಂಥ ಸೀಳನ್ನು ಮೊದಲು ನೋಡಿದ್ದು ಒಂದು ಕೋಳಿ ಫಾರಂನಲ್ಲಿ. ನೀರಿನ ಪೈಪಿಗೆ ನಾವೇ ಮಾಡಿಕೊಟ್ಟ ಹಿತ್ತಾಳೆ ಬುಷ್‌ಗಳು ನಾಲ್ಕು ತಿಂಗಳಲ್ಲಿ ಒಂದೊಂದಾಗಿ ಸೀಳತೊಡಗಿದವು. ನಾನೂ ಆಗ ಮಾಲನ್ನೇ ದೂರಿದೆ. ರಾಡ್ ಕೊಟ್ಟ ಅಂಗಡಿಯವರ ಜೊತೆ ಜಗಳ ಆಡಿದೆ. ಅವರದ್ದೇನೂ ತಪ್ಪಿರಲಿಲ್ಲ. ಆ ಶೆಡ್ಡಿನೊಳಗೆ ಹೋದರೆ ಕಣ್ಣು ಉರಿಯುತ್ತಿತ್ತು. ಆ ಉರಿ ಅಮೋನಿಯಾದ್ದು. ಅದೇ ಅಮೋನಿಯಾ ನಿಮ್ಮ ಕೊಟ್ಟಿಗೆಯಲ್ಲೂ ಇದೆ.

ಗಂಜಲದಲ್ಲಿ ಯೂರಿಯಾ ಇರುತ್ತದೆ. ಸೂಕ್ಷ್ಮಜೀವಿಗಳು ಅದನ್ನು ಒಡೆದಾಗ ಅಮೋನಿಯಾ ಗಾಳಿಗೆ ಸೇರುತ್ತದೆ. ಅದು ಗಾಳಿಗಿಂತ ಹಗುರ, ಮೇಲಕ್ಕೆ ಏರಿ ಅಟ್ಟದ ಕಡೆ ಹೋಗುತ್ತದೆ. ಮಳೆಗಾಲದಲ್ಲಿ ಲೋಹದ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳು ನೀರಿನ ಪೊರೆ ಕೂರುತ್ತದೆ. ಅಮೋನಿಯಾ ಆ ನೀರಲ್ಲಿ ಕರಗಿ ಹಿತ್ತಾಳೆಯ ತಾಮ್ರವನ್ನು ತಿನ್ನುತ್ತದೆ. ಎಲ್ಲ ಕಡೆ ಸಮವಾಗಿ ತಿಂದರೆ ಬಣ್ಣ ಕೆಡುತ್ತಿತ್ತು, ಅಷ್ಟೇ. ಆದರೆ ಲೋಹ ಒಳಗೊಳಗೇ ಬಿಗಿದುಕೊಂಡಿದ್ದರೆ, ಆ ಬಿಗಿತ ಎಲ್ಲಿ ಜಾಸ್ತಿಯೋ ಅಲ್ಲಿ, ಲೋಹದ ಕಣಗಳು ಒಂದಕ್ಕೊಂದು ಅಂಟಿಕೊಂಡಿರುವ ಅಂಚಿನಲ್ಲೇ ಅದು ಒಳಗೆ ಇಳಿಯುತ್ತದೆ. ಒಂದು ಚೂರು ತಿಂದ ಕೂಡಲೇ ಬಿಗಿತ ಬಾಯಿ ಬಿಡಿಸುತ್ತದೆ. ಮತ್ತೆ ಚೂರು ತಿನ್ನುತ್ತದೆ. ಹೀಗೆ ಯಾರೂ ಮುಟ್ಟದೆಯೇ ಬಳೆ ಸೀಳುತ್ತದೆ.

ಆ ಬಿಗಿತ ಎಲ್ಲಿಂದ ಬಂತು? ನಿಮ್ಮ ಸುತ್ತಿಗೆಯಿಂದ. ಹಿತ್ತಾಳೆಯನ್ನು ತಣ್ಣಗಿರುವಾಗ ಬಡಿದರೆ ಅದು ಗಟ್ಟಿಯಾಗುತ್ತದೆ, ಜೊತೆಗೆ ಒಳಗೆ ಎಳೆತ ಉಳಿಯುತ್ತದೆ. ಎಳೆದು ಮಾಡಿದ ಪೈಪಿನಲ್ಲೇ ಮೊದಲು ಸ್ವಲ್ಪ ಇರುತ್ತದೆ. ನೀವು ಒಂದು ಕಡೆ ಉಬ್ಬಿಸಿದಾಗ ಇನ್ನಷ್ಟು ಸೇರಿತು. ಸೀಳು ಶುರುವಾಗಿರುವುದು ಆ ಉಬ್ಬಿನ ಅಂಚಿನಲ್ಲೇ ಇರಬೇಕು, ಭೂತಗನ್ನಡಿ ಹಿಡಿದು ನೋಡಿ. ಇನ್ನೊಂದನ್ನೂ ಗಮನಿಸಿ. ಬಲ ಬಿದ್ದು ಒಡೆದ ಹಿತ್ತಾಳೆ ಮೊದಲು ಹಿಗ್ಗುತ್ತದೆ, ಸೊಟ್ಟಗಾಗುತ್ತದೆ, ಆಮೇಲೆ ಹರಿಯುತ್ತದೆ. ನಿಮ್ಮದು ಹಾಗಾಗದೆ, ಸುತ್ತ ಒಂದು ನೆಗ್ಗೂ ಇಲ್ಲದೆ ಬ್ಲೇಡಿನಿಂದ ಗೀಚಿದಂತೆ ನೇರವಾಗಿದ್ದರೆ ನನಗೆ ಅನುಮಾನವೇ ಉಳಿಯುವುದಿಲ್ಲ. ಸೀಳಿನ ಪಕ್ಕ ತಿಳಿ ನೀಲಿ ಕಲೆ ಇದ್ದರಂತೂ ಇನ್ನೂ ಖಾತ್ರಿ.

ಈ ಕಾಯಿಲೆಯ ಕಥೆ ಶುರುವಾದದ್ದೂ ನಮ್ಮ ದೇಶದ ಮಳೆಯಲ್ಲೇ. ಬ್ರಿಟಿಷರ ಕಾಲದಲ್ಲಿ ಸೈನ್ಯದ ಬಂದೂಕಿನ ಹಿತ್ತಾಳೆ ತೋಟಾಗಳನ್ನು ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಮಳೆ ನಿಂತ ಮೇಲೆ ನೋಡಿದರೆ ತೋಟಾಗಳ ಕತ್ತು ಸೀಳಿರುತ್ತಿತ್ತು. ಒಂದು ಋತುವಿನಲ್ಲಿ ಬರುತ್ತಿದ್ದುದರಿಂದ ಅದಕ್ಕೆ ಸೀಸನ್ ಕ್ರ್ಯಾಕಿಂಗ್ ಎಂದೇ ಹೆಸರು ಬಿತ್ತು. ಕುದುರೆ ಗಂಜಲದ ಅಮೋನಿಯಾ, ತಣ್ಣಗೆ ಒತ್ತಿ ಮಾಡಿದ ಹಿತ್ತಾಳೆಯ ಬಿಗಿತ, ಇವೆರಡೂ ಸೇರಿ ಹೀಗಾಗುತ್ತದೆ ಎಂದು ಖಚಿತವಾದದ್ದು 1921ರಲ್ಲಿ. ಪರಿಹಾರ ಸರಳವಾಗಿತ್ತು. ತೋಟಾದ ಹಿತ್ತಾಳೆ ಕವಚಗಳನ್ನು ಮದ್ದು ತುಂಬುವ ಮೊದಲೇ ಹದವಾಗಿ ಕಾಯಿಸಿದರು.

ನೀವು ಮಾಡಬೇಕಾದದ್ದೂ ಅದೇ. ಪೈಪು ಬದಲಿಸುವ ಮೊದಲು ಕಾಯಿಸುವುದನ್ನು ಕಲಿಯಿರಿ.

ನನ್ನ ಮಾತನ್ನು ಸುಮ್ನೆ ನಂಬಬೇಡಿ, ಮೊದಲು ಪರೀಕ್ಷೆ ಮಾಡಿ. ಅದೇ ಪೈಪಿನಿಂದ ಎರಡು ಬಳೆ ಬಡಿದು ಮಾಡಿ. ಒಂದನ್ನು ಸಣ್ಣ ಹಲ್ಲಿನ ಗರಗಸದಿಂದ ಉದ್ದಕ್ಕೆ ಕೊಯ್ಯಿರಿ. ಕೊಯ್ದ ಗೆರೆ ಗರಗಸದ ದಪ್ಪಕ್ಕಿಂತ ಅಗಲವಾಗಿ ತಾನೇ ಬಾಯಿ ಬಿಟ್ಟರೆ ಒಳಗೆ ಎಳೆತ ಇದೆ ಎಂದು ಅರ್ಥ. ಇನ್ನೊಂದನ್ನು ಈಗ ಹೇಳುವ ಹಾಗೆ ಕಾಯಿಸಿ, ಆಮೇಲೆ ಕೊಯ್ಯಿರಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನಾನು ಹೇಳಬೇಕಾದದ್ದೆಲ್ಲ ಅಲ್ಲೇ ಕಾಣುತ್ತದೆ.

ಕಾಯಿಸುವುದರಲ್ಲಿ ಎರಡು ಬಗೆ ಇದೆ. ಇದನ್ನು ಬೆರೆಸಿಕೊಂಡು ಕೆಲಸ ಕೆಡಿಸಿಕೊಳ್ಳುವವರೇ ಜಾಸ್ತಿ. ಮೊದಲನೆಯದು ಮೆದು ಮಾಡುವ ಕಾವು. ಸುಮಾರು 600 ಡಿಗ್ರಿ, ಮಬ್ಬು ಬೆಳಕಲ್ಲಿ ನೋಡಿದರೆ ಮಸುಕು ಕೆಂಪು. ಇದು ಬಡಿಯುವ ಮಧ್ಯೆ ಬೇಕಾದದ್ದು. ಹತ್ತಿಪ್ಪತ್ತು ಪೆಟ್ಟು ಬಿದ್ದ ಮೇಲೆ ಸುತ್ತಿಗೆ ಪುಟಿಯಲು ಶುರುವಾದರೆ ನಿಲ್ಲಿಸಿ, ಕೆಂಪಗೆ ಕಾಯಿಸಿ, ತಣಿದ ಮೇಲೆ ಮತ್ತೆ ಬಡಿಯಿರಿ. ಕೆಂಪಗಿರುವಾಗ ಮಾತ್ರ ಬಡಿಯಬೇಡಿ, ಇಕ್ಕಳದಿಂದ ಹಿಂಡಬೇಡಿ. ಆದರೆ ಕೊನೆಗೂ ಹೀಗೇ ಕೆಂಪಗೆ ಕಾಯಿಸಿ ಬಿಟ್ಟರೆ ಬಳೆ ತೀರಾ ಮೆದುವಾಗಿ ಬೆರಳಿನ ಒತ್ತಕ್ಕೂ ನೆಗ್ಗುತ್ತದೆ.

ಹಾಗಾಗಿ ಕೊನೆಯಲ್ಲಿ ಬೇಕಾದದ್ದು ಎರಡನೆಯದು, ಬಿಗಿತ ಇಳಿಸುವ ಕಾವು. 250ರಿಂದ 300 ಡಿಗ್ರಿ, ಒಂದು ಗಂಟೆ. ಇಷ್ಟರಲ್ಲಿ ಗಟ್ಟಿತನ ಹೆಚ್ಚೇನೂ ಹೋಗುವುದಿಲ್ಲ, ಒಳಗಿನ ಎಳೆತ ಮಾತ್ರ ಸಡಿಲವಾಗುತ್ತದೆ. ಅಡುಗೆಗೆ ಬಳಸದ ಹಳೆಯ ಓಟಿಜಿ ಓವನ್ ಸಿಕ್ಕರೆ ಅದು 250ರವರೆಗೆ ಹೋಗುತ್ತದೆ, ಸಾಕು. ಇಲ್ಲದಿದ್ದರೆ ಕಡಲೆಪುರಿ ಹುರಿಯುವವರ ಉಪಾಯ ಮಾಡಿ. ಕಬ್ಬಿಣದ ಬಾಣಲೆಯಲ್ಲಿ ಒಣ ಮರಳು ತುಂಬಿ, ಬಳೆಗಳನ್ನು ಒಂದಕ್ಕೊಂದು ತಾಗದಂತೆ ಹೂತು, ಸಣ್ಣ ಉರಿಯಲ್ಲಿಡಿ. ಕಾವು ಅಳೆಯುವುದು ಹೇಗೆ? ಉಕ್ಕಿನ ಒಂದು ಸಣ್ಣ ಪಟ್ಟಿಯನ್ನು ಕನ್ನಡಿಯಂತೆ ಉಜ್ಜಿ, ಬಳೆಯ ಪಕ್ಕದಲ್ಲೇ ಹೂಳಿ. ಆಗಾಗ ತೆಗೆದು ನೋಡಿ. ಒಣ ಹುಲ್ಲಿನ ಬಣ್ಣ ಬಂದರೆ ಇನ್ನೂ 220, 230 ಡಿಗ್ರಿ. ಕಂದು ಬಂದರೆ 250 ದಾಟಿದೆ. ನೇರಳೆ ಬಂದರೆ 280ರ ಹತ್ತಿರ. ಪೂರ್ತಿ ನೀಲಿ ಬಂದರೆ 300 ಮುಟ್ಟಿದೆ, ಉರಿ ತಗ್ಗಿಸಿ. ಸ್ಟೇನ್‌ಲೆಸ್ ಪಟ್ಟಿ ಬೇಡ, ಅದರ ಲೆಕ್ಕ ಬೇರೆ. ಸಾದಾ ಉಕ್ಕು ಬೇಕು, ಹಳೆಯ ಗಡಿಯಾರದ ಸ್ಪ್ರಿಂಗ್ ತುಂಡಾದರೂ ಸರಿ. ಬಣ್ಣ ನಿಧಾನವಾಗಿ ಮುಂದೆ ಹೋಗುತ್ತಲೇ ಇರುತ್ತದೆ, ಅದಕ್ಕೇ ಒಂದೆರಡು ಪಟ್ಟಿ ಹೆಚ್ಚಿಗೆ ಉಜ್ಜಿಟ್ಟುಕೊಳ್ಳಿ. ಗಂಟೆ ಕಳೆದ ಮೇಲೆ ಉರಿ ಆರಿಸಿ, ಮರಳಿನಲ್ಲೇ ತಣಿಯಲು ಬಿಡಿ. ಬಳೆಯ ಮೇಲೆ ಎಣ್ಣೆ ಇದ್ದರೆ ಮೊದಲೇ ತೊಳೆಯಿರಿ, ಇಲ್ಲದಿದ್ದರೆ ಹೊಗೆ ಏಳುತ್ತದೆ. ಕೆಲಸ ಬಯಲಲ್ಲಿ ಮಾಡಿ.

ಹೊರಬಂದಾಗ ಬಳೆ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಹುಣಸೆಹಣ್ಣಿನ ನೀರಲ್ಲಿ ನೆನೆಸಿ ಉಜ್ಜಿ, ಚೆನ್ನಾಗಿ ತೊಳೆದು ಒರೆಸಿದರೆ ಹೊಳಪು ವಾಪಸ್ ಬರುತ್ತದೆ. ಅಂಗಡಿಯ ಹಿತ್ತಾಳೆ ಪಾಲಿಶ್ ಬಳಸುವುದಾದರೆ ಡಬ್ಬಿ ಓದಿ. ಕೆಲವದರಲ್ಲಿ ಅಮೋನಿಯಾ ಇರುತ್ತದೆ. ಕಾಯಿಸದ ಬಳೆಗೆ ಅದನ್ನು ಹಚ್ಚಿ ಸಂದಿಯಲ್ಲಿ ಉಳಿಸಿದರೆ ಕೊಟ್ಟಿಗೆಯನ್ನೇ ಬಳೆಗೆ ಹಚ್ಚಿದ ಹಾಗೆ.

ಈಗ ನಿಮಗೆ ಸಿಕ್ಕ ಸಲಹೆಗಳಿಗೆ ಬರುತ್ತೇನೆ.

ದಪ್ಪ ಹಾಕಿ ಅಂದ ಮಾತು. ಸೀಟಿನ ಮೇಲೆ ಎಷ್ಟು ಬಲ ಬೀಳುತ್ತದೆ ಎಂದು ಲೆಕ್ಕ ಹಾಕೋಣ. 9 ಕಿಲೋ ತಾಳುವ ದಾರ ಹಾಕಿದ್ದೀರಿ ಅಂದುಕೊಳ್ಳಿ. ರೀಲಿನ ಬ್ರೇಕನ್ನು ಸಾಮಾನ್ಯವಾಗಿ ದಾರದ ತಾಕತ್ತಿನ ಮೂರನೇ ಒಂದು ಭಾಗಕ್ಕೋ ನಾಲ್ಕನೇ ಒಂದು ಭಾಗಕ್ಕೋ ಇಡುತ್ತಾರೆ. ಅಂದರೆ ರೀಲನ್ನು ಎಳೆಯುವ ಬಲ 3 ಕಿಲೋದ ಆಚೀಚೆ. ಮಿಲಿಮೀಟರ್ ದಪ್ಪದ ಹಿತ್ತಾಳೆ ಬಳೆಗೆ ಅದು ಏನೇನೂ ಅಲ್ಲ. ದಪ್ಪ ಮಾಡಿದರೆ ಭಾರ ಹೆಚ್ಚುತ್ತದೆ, ಬಡಿಯಲು ಇನ್ನೂ ಜೋರು ಪೆಟ್ಟು ಬೇಕಾಗುತ್ತದೆ. ಒಳಗಿನ ಬಿಗಿತ ಹಾಗೇ ಉಳಿದರೆ ದಪ್ಪ ಬಳೆಯೂ ಸೀಳುತ್ತದೆ, ಸ್ವಲ್ಪ ತಡವಾಗಿ.

ಕಬಿನಿಯಲ್ಲಿ 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು 120 ಪೌಂಡಿನ, ಅಂದರೆ ಸುಮಾರು 54 ಕಿಲೋದ ಬಿಳಿಮೀನು, ಅಂದರೆ ಮಹಶೀರ್, ಹಿಡಿದರು. ಆ ಕಥೆ ಕೇಳಿದವರೆಲ್ಲ ಸೀಟು ಫಿರಂಗಿಯಂತೆ ಇರಬೇಕು ಅಂದುಕೊಳ್ಳುತ್ತಾರೆ. ಅಂಥ ಮೀನಿಗೂ ದಾರ ಹರಿಯುವ ಬಲಕ್ಕಿಂತ ಹೆಚ್ಚನ್ನು ನಿಮ್ಮ ಬಳೆ ತಾಳಬೇಕಾಗಿಲ್ಲ. ಹಾಗೆಯೇ, ಕಾವೇರಿಯ ಆ ದೊಡ್ಡ ಬಿಳಿಮೀನು 2018ರಿಂದ ಅಳಿವಿನ ಅಂಚಿನ ಜೀವಿಗಳ ಪಟ್ಟಿಯಲ್ಲಿ ಅತ್ಯಂತ ಅಪಾಯದ ಸಾಲಿನಲ್ಲಿದೆ. ನಿಮ್ಮ ಊರಿನ ಪಕ್ಕದ ರಂಗನತಿಟ್ಟು ಪಕ್ಷಿಧಾಮ, ಅಲ್ಲಿ ಗಾಳ ಹಾಕುವಂತಿಲ್ಲ. ಕೋಲು ಕೊಳ್ಳುವವರಿಗೂ ಇದನ್ನು ಹೇಳಿ. ಎಲ್ಲಿ ಹಿಡಿಯಬಹುದು ಎಂದು ಮೀನುಗಾರಿಕೆ ಇಲಾಖೆಯಲ್ಲಿ ಕೇಳಿಯೇ ಹೋಗಲಿ.

ಜರ್ಮನ್ ಸಿಲ್ವರ್ ಒಳ್ಳೆಯ ಲೋಹವೇ. ಒಳ್ಳೆಯ ಬಿದಿರು ಕೋಲುಗಳಿಗೆ ಬಹಳ ಹಿಂದಿನಿಂದ ಅದನ್ನೇ ಹಾಕುತ್ತಾರೆ. ಹೆಸರಲ್ಲಿ ಬೆಳ್ಳಿ ಇದೆ, ಒಳಗೆ ಒಂದು ಗುಂಜಿಯೂ ಇಲ್ಲ. ಹೆಚ್ಚಿನ ಪಾಲು ತಾಮ್ರ, ಉಳಿದದ್ದು ಸತು ಮತ್ತು ನಿಕಲ್. 18 ಪರ್ಸೆಂಟ್ ನಿಕಲ್ ಇರುವುದು ಬಣ್ಣಕ್ಕೂ ಬಾಳಿಕೆಗೂ ಚೆನ್ನ. ಅಮೋನಿಯಾವನ್ನು ಹಿತ್ತಾಳೆಗಿಂತ ಹೆಚ್ಚು ತಾಳುತ್ತದೆ. ಆದರೆ ಸತು ಇರುವವರೆಗೆ ಪೂರ್ತಿ ನಿಶ್ಚಿಂತೆ ಇಲ್ಲ. ಬಡಿದಾಗ ಹಿತ್ತಾಳೆಗಿಂತ ಬೇಗ ಗಟ್ಟಿಯಾಗುತ್ತದೆ. ಬಿಗಿತ ತುಂಬಿರುವಾಗ ಒಮ್ಮೆಲೇ ಜೋರು ಉರಿ ಹಿಡಿದರೆ ಕಣ್ಣೆದುರೇ ಸೀಳುತ್ತದೆ, ನಿಧಾನವಾಗಿ ಕಾಯಿಸಬೇಕು. ಬೆಲೆ ಜಾಸ್ತಿ. ನಿಕಲ್ ಆಗದ ಕೆಲವರಿಗೆ ಕೈ ತುರಿಸುತ್ತದೆ. ಕಾಯಿಸುವ ಹದ ಕೈಗೆ ಹತ್ತಿದ ಮೇಲೆ ಈ ಲೋಹಕ್ಕೆ ಹೋಗಿ. ಈಗಲೇ ಹೋದರೆ ದುಬಾರಿ ಸೀಳು ಸಿಗುತ್ತದೆ.

ನಿಕಲ್ ಪ್ಲೇಟಿಂಗ್ ಅಂದವಾಗಿ ಕಾಣುತ್ತದೆ. ಆದರೆ ಅದು ಹೊದಿಕೆ ಮಾತ್ರ, ಒಳಗಿನ ಬಿಗಿತವನ್ನು ಮುಟ್ಟುವುದಿಲ್ಲ. ರೀಲಿನ ಪಾದ ಉಜ್ಜಿ ಗೀಚು ಬಿದ್ದ ಕಡೆ ಹಿತ್ತಾಳೆ ಮತ್ತೆ ಹೊರಗೆ ಬರುತ್ತದೆ. ಮಾಡಿಸಲೇಬೇಕಾದರೆ ಕಾಯಿಸಿದ ಮೇಲೆ ಮಾಡಿಸಿ.

ಸೀಳಿಗೆ ಬೆಸುಗೆ ಬೇಡ. ಹೊರಗೆ ಕಾಣುವುದು ಒಂದು ಗೆರೆ, ಒಳಗೆ ಅದು ಕವಲೊಡೆದಿರುತ್ತದೆ. ಬಿಗಿತ ಇರುವ ಹಿತ್ತಾಳೆಗೆ ಕರಗಿದ ಬೆಸುಗೆ ತಾಗಿದರೆ ಸೀಳು ಇನ್ನೂ ಮುಂದೆ ಓಡುವುದುಂಟು. ಆ ಮೂರು ಬಳೆಗಳನ್ನು ಗುಜರಿಗೆ ಹಾಕಿ. ಒಂದನ್ನು ಮಾತ್ರ ಬೆಂಚಿನ ಮೇಲೆ ಇಟ್ಟುಕೊಳ್ಳಿ, ಮುಂದೆ ಹೋಲಿಸಿ ನೋಡಲು ಬೇಕಾಗುತ್ತದೆ.

ಬಡಿಯುವ ಗೋಜೇ ಬೇಡ ಅನ್ನಿಸಿದರೆ ಲೇತ್ ದಾರಿ ಇದೆ. ನಿಮಗೆ ತೂಬಿನಕೆರೆ ಕಡೆಯೋ ಮೈಸೂರಿನ ಹೆಬ್ಬಾಳ ಕಡೆಯೋ ಸಣ್ಣ ವರ್ಕ್‌ಶಾಪ್ ಹತ್ತಿರವೇ ಸಿಗಬಹುದು. ಗಟ್ಟಿ ರಾಡ್‌ನಿಂದ ಕಡೆದ ಬಳೆಯಲ್ಲಿ ಬಡಿದದ್ದಕ್ಕಿಂತ ಬಿಗಿತ ಕಡಿಮೆ, ಆದರೆ ಇಲ್ಲವೇ ಇಲ್ಲ ಅಂತಲ್ಲ. ಇದಕ್ಕೆ ಫ್ರೀ ಕಟಿಂಗ್ ಹಿತ್ತಾಳೆ ರಾಡ್ ಕೇಳಿ. ಅದರಲ್ಲಿ ಸುಮಾರು 3 ಪರ್ಸೆಂಟ್ ಸೀಸ ಇರುತ್ತದೆ, ಅದರಿಂದಲೇ ಚೂರು ಪುಡಿಪುಡಿಯಾಗಿ ಉದುರಿ ಕೆಲಸ ಚೊಕ್ಕವಾಗುತ್ತದೆ. ಅದೇ ಸೀಸದಿಂದಾಗಿ ಆ ರಾಡನ್ನು ಬಡಿದು ಉಬ್ಬಿಸಲು ಹೋದರೆ ಒಡೆಯುತ್ತದೆ. ಕಡೆಯುವ ಹಿತ್ತಾಳೆ ಬೇರೆ, ಬಡಿಯುವ ಹಿತ್ತಾಳೆ ಬೇರೆ. ಕೊಳ್ಳುವಾಗ ಯಾವುದಕ್ಕೆ ಎಂದು ಹೇಳಿಯೇ ಕೊಳ್ಳಿ. ಕೆಲಸ ಮುಗಿದ ಮೇಲೆ ಕೈ ತೊಳೆದುಕೊಂಡೇ ಊಟಕ್ಕೆ ಕೂರಬೇಕು.

ಲೇತ್ ನಡೆಸುವ ಟರ್ನರ್‌ಗೆ ಎರಡು ಮಾತು ಹೇಳಿ. ಉಕ್ಕಿಗೆ ಸಾಣೆ ಹಿಡಿದ ಡ್ರಿಲ್ ಹಿತ್ತಾಳೆಗೆ ತಾನೇ ನುಗ್ಗಿ ಕಚ್ಚಿಕೊಳ್ಳುತ್ತದೆ. ಅದರ ಬಾಯಂಚನ್ನು ಚೂರು ಚಪ್ಪಟೆ ಮಾಡಬೇಕು. ಇನ್ನೊಂದು, ಹಿಡಿತಕ್ಕೆ ಹಾಕುವ ನರ್ಲಿಂಗ್ ಗೀರುಗಳನ್ನು ಒಳಗೆ ಕೊರೆಯುವ ಮೊದಲೇ ಹಾಕಬೇಕು. ತೆಳು ಬಳೆಯ ಮೇಲೆ ನರ್ಲಿಂಗ್ ಒತ್ತಿದರೆ ದುಂಡಗಿದ್ದದ್ದು ಮೊಟ್ಟೆಯಂತಾಗುತ್ತದೆ, ಮತ್ತೆ ಬಿಗಿತವೂ ಸೇರುತ್ತದೆ.

ಭಾರ ಕಡಿಮೆ ಬೇಕೆಂದರೆ ಅಲ್ಯುಮಿನಿಯಂ ಇದೆ, ಅಂಗಡಿಯಲ್ಲಿ ಹೆಚ್‌ಇ 30 ಅಂತ ಕೇಳಿ. ಹೊರಗೆ 20, ಒಳಗೆ 18, ಉದ್ದ 20 ಮಿಲಿಮೀಟರ್‌ನ ಬಳೆ ಹಿತ್ತಾಳೆಯಲ್ಲಿ 10 ಗ್ರಾಂ ತೂಗಿದರೆ ಇದರಲ್ಲಿ 3 ಗ್ರಾಂ ಚಿಲ್ಲರೆ. ನಿಮಗಾದ ಕಾಯಿಲೆ ಇದಕ್ಕಿಲ್ಲ. ಆದರೆ ಸುಣ್ಣ, ಸೋಪಿನ ಸೋಡಾ ಆಗುವುದಿಲ್ಲ. ಹಿತ್ತಾಳೆಗೆ ತಾಗಿಕೊಂಡು ಒದ್ದೆಯಾಗಿ ಉಳಿದರೆ, ಅದರಲ್ಲೂ ಸಮುದ್ರದ ನೀರಲ್ಲಿ, ಅಲ್ಯುಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತದೆ. ಒಂದು ಸೀಟಿನಲ್ಲಿ ಎರಡು ಲೋಹ ಬೆರೆಸಬೇಡಿ.

ತಿರುಪಿನ ಸೀಟಿಗೆ ಮಾತ್ರ ದಪ್ಪ ನಿಜಕ್ಕೂ ಮುಖ್ಯ. 1 ಮಿಲಿಮೀಟರ್ ಪಿಚ್‌ನ, ಅಂದರೆ ಒಂದು ಸುತ್ತಿಗೆ ನಟ್ ಅಷ್ಟು ಮುಂದೆ ಸರಿಯುವ ಥ್ರೆಡ್ ಸುಮಾರು 0.6 ಮಿಲಿಮೀಟರ್ ಆಳಕ್ಕೆ ಕೊರೆಯುತ್ತದೆ. 1 ಮಿಲಿಮೀಟರ್ ಪೈಪಿಗೆ ಇದನ್ನು ಹಾಕಿದರೆ ಉಳಿಯುವುದು 0.4. ಅದು ಕಾಗದದ ಹಾಗೆ. 1.5 ಮಿಲಿಮೀಟರ್ ದಪ್ಪದ ಪೈಪು ತೆಗೆದುಕೊಳ್ಳಿ, 0.9 ಉಳಿಯುತ್ತದೆ. ಥ್ರೆಡ್ಡಿನ ತುದಿಯ ಚೂಪನ್ನು ಎಮೆರಿಯಿಂದ ಮುರಿಯಿರಿ, ಅಂಗೈಗೆ ಚುಚ್ಚುವುದಿಲ್ಲ. ರೀಲ್ ಸಡಿಲವಾಗುತ್ತದೆ ಎಂಬ ದೂರು ಬಂದರೆ ಬಲವಾಗಿ ಬಿಗಿಸುವ ಬದಲು ಎರಡನೇ ನಟ್ ಹಾಕಿ. ಎರಡೂ ಒಂದನ್ನೊಂದು ಒತ್ತಿಕೊಂಡು ನಿಲ್ಲುತ್ತವೆ.

ನೀವು ಕೇಳದ ಒಂದು ವಿಷಯ ಉಳಿದಿದೆ, ಮರದ ತುಂಡು. ಬಳೆಗೆ ಬಿಗಿತ ಬರುವ ಎರಡನೇ ದಾರಿ ಅದೇ. ಬೇಸಿಗೆಯಲ್ಲಿ ಒಣಗಿದ ಮರಕ್ಕೆ ಟೋಪಿಯನ್ನು ಹೊಡೆದು ಕೂರಿಸಿದರೆ, ಮಳೆಗಾಲದಲ್ಲಿ ಮರ ಉಬ್ಬಿ ಒಳಗಿನಿಂದ ತಳ್ಳುತ್ತದೆ. ಮರಕ್ಕೂ ಲೋಹಕ್ಕೂ ಮಧ್ಯೆ 0.1 ಮಿಲಿಮೀಟರ್ ಸಂದಿ ಬಿಟ್ಟು, ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ಅಂಟು ತುಂಬಿ. ಮರದ ಎರಡು ತುದಿಗೂ ವಾರ್ನಿಶ್ ಹೀರಿಸಿ, ತೇವ ಹೊಗುವುದು ಅಲ್ಲಿಂದಲೇ. ಯಾವ ಮರ ಎಂದು ನೀವು ಬರೆದಿಲ್ಲ. ಬೀಟೆ ಸಿಕ್ಕರೆ ಅದರಷ್ಟು ಚೆನ್ನಾದದ್ದು ಇನ್ನೊಂದಿಲ್ಲ. ಮೈಸೂರಿನ ಇನ್‌ಲೇ ಕೆಲಸದವರ ಹತ್ತಿರ ಅಂಗೈ ಉದ್ದದ ತುಂಡುಗಳು ಉಳಿದಿರುತ್ತವೆ. ಬಿಲ್ ಕೇಳಿ ಪಡೆಯಿರಿ, ಕೋಲನ್ನು ಹೊರದೇಶಕ್ಕೆ ಮಾರುವ ಆಸೆ ಇದ್ದರಂತೂ ಬಿಲ್ ಬೇಕೇ ಬೇಕು. 2017ರಿಂದ ಬೀಟೆಯ ಅಂತರರಾಷ್ಟ್ರೀಯ ವ್ಯಾಪಾರದ ಮೇಲೆ ನಿಯಂತ್ರಣ ಇದೆ. ಆ ರಗಳೆ ಬೇಡ ಅಂದರೆ ಹಲಸು ನೋಡಿ. ನಮ್ಮ ವೀಣೆಗಳನ್ನು ಮಾಡುವ ಮರ ಅದು. ಚೆನ್ನಾಗಿ ಒಣಗಿದ್ದಾದರೆ ಸೀಟಿಗೂ ಒಗ್ಗುತ್ತದೆ.

ಇನ್ನು ಬೆಂಗಳೂರಿನವರು. ಅವರ ಬಳೆಯೂ ಅದೇ ಬೇಸಿಗೆಯದು, ಅದೇ ಬಿಗಿತ ಒಳಗಿದೆ. ಇನ್ನೂ ಸೀಳಿಲ್ಲ ಎಂದ ಮಾತ್ರಕ್ಕೆ ಸುಮ್ಮನಿರಬೇಡಿ. ಈ ವಾರವೇ ಫೋನ್ ಮಾಡಿ, ನಡೆದದ್ದನ್ನು ಇದ್ದ ಹಾಗೆ ಹೇಳಿ. ಅಲ್ಲಿಯವರೆಗೆ ಕೋಲನ್ನು ಒಣ ಕೋಣೆಯಲ್ಲಿ ಇಡಲಿ, ಬಚ್ಚಲು ಮನೆಯ ಪಕ್ಕ, ಅಮೋನಿಯಾ ಇರುವ ನೆಲ ಒರೆಸುವ ದ್ರವದ ಡಬ್ಬಿಗಳ ಪಕ್ಕ ಬೇಡ. ಜಾರುವ ಬಳೆಯನ್ನು ಬಿಚ್ಚಿ ಅಂಚೆಯಲ್ಲಿ ಕಳಿಸಲು ಹೇಳಿ. ಅದನ್ನೂ ನಿಮ್ಮ ಮನೆಯೊಳಗಿನ ಕೋಲಿನದನ್ನೂ ಒಂದೇ ಬಾಣಲೆಯಲ್ಲಿ ಕಾಯಿಸಿ. ಅಂಟಿಸಿರುವ ಟೋಪಿಯನ್ನು ಮರದ ಸಮೇತ ಕಾಯಿಸಲಾಗದು, ಮರ ಸುಡುತ್ತದೆ. ಆ ಟೋಪಿಗಳನ್ನು ಕಳಚಿ ಹೊಸದನ್ನೇ ಹಾಕಿಕೊಡಿ, ಖರ್ಚು ನಿಮ್ಮದೇ ಇರಲಿ. ಮುಂದೆ ಮಾಡುವ ಕೋಲುಗಳನ್ನು ಅಟ್ಟದ ಬದಲು ನಡುಮನೆಯ ಗೋಡೆಗೆ ನೇತು ಹಾಕಿ.